ಸೀಟಿಗೆ ಬೆಲೆ ಬಂದ ಕಥೆ

ಪ್ಲಸ್ ಟು ಫಲಿತಾಂಶ ಬಂದ ಮೇಲೆ ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಮ್ಮ ಬ್ಯಾರಿ ಮನೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: ಸೀಟು ಸಿಕ್ಕಿತಾ, ಎಷ್ಟಕ್ಕೆ? ಮೀನಿಗೆ, ಅಡಿಕೆಗೆ ಕೇಳುವ ಹಾಗೆ ಕಾಲೇಜಿಗೂ "ಎಷ್ಟಕ್ಕೆ" ಎಂದು ಕೇಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಈ ಪ್ರಶ್ನೆ ಹುಟ್ಟಿದ್ದು ಹೇಗೆ ಎಂದು ಹುಡುಕುತ್ತಾ ಹೋದರೆ ಸಿಗುವ ಚರಿತ್ರೆಯ ದೊಡ್ಡ ಪಾಲು ನಮ್ಮ ಕರಾವಳಿಯಲ್ಲೇ ನಡೆದದ್ದು.

1953ರಲ್ಲಿ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದರು. ಆಗ ಉಡುಪಿ, ಮಂಗಳೂರು, ಕಾಸರಗೋಡು ಎಲ್ಲವೂ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದವು. ಡಾಕ್ಟರಾಗಬೇಕಾದರೆ ಮದರಾಸಿನಂಥ ದೂರದ ಊರಿಗೆ ಹೋಗಬೇಕಿತ್ತು. ಸರಕಾರದ ಹಣ ನಂಬಿಕೊಳ್ಳದೆ, ಮಕ್ಕಳ ಮನೆಯವರಿಂದಲೇ ದೊಡ್ಡ ಮೊತ್ತ ಪಡೆದು ಕಾಲೇಜು ಕಟ್ಟುವುದು ಹೊಸ ದಾರಿ. ನಾವು ಡೊನೇಷನ್ ಎನ್ನುವುದು ಇದನ್ನೇ. ಈ ದಾರಿಯಿಂದ ಒಳ್ಳೆಯದೂ ಆಯಿತು ಎಂದು ನ್ಯಾಯವಾಗಿ ಹೇಳಬೇಕು. ಜಿಲ್ಲೆಯಲ್ಲಿ ಆಸ್ಪತ್ರೆಗಳು ಬೆಳೆದವು, 1957ರಲ್ಲಿ ಮಣಿಪಾಲದಲ್ಲೇ ಇಂಜಿನಿಯರಿಂಗ್ ಕಾಲೇಜೂ ಬಂತು. ನಮ್ಮವರಲ್ಲೂ ಅನುಕೂಲವಿದ್ದವರ ಮಕ್ಕಳು ಓದಿ ಮೇಲೆ ಬಂದರು. ಆದರೆ ಅನುಕೂಲ ಇಲ್ಲದವರು ಆ ಗೇಟಿನ ಹೊರಗೇ ನಿಂತರು.

ಇದೇ ಮಾದರಿ ಮುಂದೆ ಕರ್ನಾಟಕದಾದ್ಯಂತ ಹಬ್ಬಿತು. ಡೊನೇಷನ್ ಮಿತಿಮೀರಿದಾಗ 1984ರಲ್ಲಿ ರಾಜ್ಯ ಅದನ್ನು ನಿಷೇಧಿಸಿ ಕಾಯಿದೆ ತಂದಿತು. ಆದರೆ ಅದೇ ಕಾಯಿದೆಯಡಿ ಶುಲ್ಕ ನಿಗದಿ ಮಾಡುವ ಅಧಿಕಾರ ಸರಕಾರಕ್ಕಿತ್ತು. 1989ರ ಜೂನ್‌ನಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಹೊರಡಿಸಿದ ಅಧಿಸೂಚನೆಯಲ್ಲಿ ಮೂರು ದರಗಳಿದ್ದವು. ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಗಡಿನಾಡಿನವರಾದ ನಮಗೆ ಈ ಪಟ್ಟಿಯ ಅರ್ಥ ಬೇಗ ಹೊಳೆಯುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿಂದ ಇಲ್ಲಿಯವರೆಗೆ ತಲಪಾಡಿ ದಾಟಿ ಓದಲು ಹೋಗುವ ಪ್ರತಿ ಮಗುವಿಗೂ ಮೊದಲು ಎದುರಾಗುವುದು "ನೀನು ಯಾವ ಕಾಲಂ" ಎಂಬ ಪ್ರಶ್ನೆ.

ಆ ಮೂರನೇ ಕಾಲಂನಲ್ಲಿ ಸಿಕ್ಕಿಬಿದ್ದವಳು ಉತ್ತರಪ್ರದೇಶದ ಮೀರಠ್‌ನ ವಿದ್ಯಾರ್ಥಿನಿ ಮೋಹಿನಿ ಜೈನ್. ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದು ಮೊದಲ ವರ್ಷದ 60,000 ರೂಪಾಯಿ ಕಟ್ಟಬೇಕು, ಉಳಿದ ವರ್ಷಗಳಿಗೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು ಎಂದು ತಿಳಿಸಿತು. ಅಷ್ಟು ಕೊಡುವ ಶಕ್ತಿ ತಂದೆಗೆ ಇರಲಿಲ್ಲ. ಆಕೆ ಸುಪ್ರೀಂ ಕೋರ್ಟಿಗೆ ಹೋದಳು. 1992ರ ಜುಲೈ 30ರಂದು ತೀರ್ಪು ಬಂತು: ಡೊನೇಷನ್ ಸಂವಿಧಾನಕ್ಕೆ ವಿರುದ್ಧ, ಸರಕಾರದ ಅಧಿಸೂಚನೆಯಲ್ಲಿದ್ದ ಹೆಚ್ಚಿನ ಶುಲ್ಕವೂ ಹೆಸರು ಬದಲಾದ ಡೊನೇಷನ್ನೇ. ಕಾನೂನು ಪುಸ್ತಕಗಳಲ್ಲಿ ಆಕೆಯ ಹೆಸರು ಶಾಶ್ವತವಾಯಿತು. ಸೀಟು ಮಾತ್ರ ಸಿಗಲಿಲ್ಲ. ಪ್ರವೇಶ ಕೊಡಿಸಲು ನ್ಯಾಯಾಲಯ ಒಪ್ಪಲಿಲ್ಲ, ತರಗತಿಗಳು ಆಗಲೇ ಶುರುವಾಗಿ ವರ್ಷ ದಾಟಿತ್ತು.

ಮರುವರ್ಷ, 1993ರ ಫೆಬ್ರವರಿಯಲ್ಲಿ ಉನ್ನಿಕೃಷ್ಣನ್ ಪ್ರಕರಣದ ತೀರ್ಪು. ಖಾಸಗಿ ಕಾಲೇಜಿನ ಅರ್ಧ ಸೀಟು "ಫ್ರೀ ಸೀಟ್", ಇನ್ನರ್ಧ "ಪೇಮೆಂಟ್ ಸೀಟ್". ಎರಡಕ್ಕೂ ಅಂಕಗಳೇ ಆಧಾರ. ಕರ್ನಾಟಕದಲ್ಲಿ 1994ರಿಂದ ಸಿಇಟಿ ಶುರುವಾಯಿತು. ಡೊನೇಷನ್ ಕೊಡಲಾಗದ ಬಹಳ ಮಕ್ಕಳಿಗೆ ಮೊದಲ ಬಾರಿ ಬಾಗಿಲು ತೆರೆಯಿತು ನಿಜ. ಆದರೆ ಲೆಕ್ಕದಲ್ಲಿ ಒಂದು ಎಡವಟ್ಟಿತ್ತು. ಅಂಗಡಿಯವನ ಮಗನಾದ ನನಗೆ ಅದು ಹೀಗೆ ಅರ್ಥವಾಗುತ್ತದೆ: ಒಬ್ಬ ಗಿರಾಕಿಗೆ ಅಸಲಿಗಿಂತ ಕಡಿಮೆಗೆ ಅಕ್ಕಿ ಕೊಟ್ಟರೆ ಆ ನಷ್ಟವನ್ನು ಮುಂದಿನ ಗಿರಾಕಿಯ ಮೇಲೆ ಹಾಕಲೇಬೇಕು. ಪೇಮೆಂಟ್ ಸೀಟಿನ ಹುಡುಗ ತನ್ನದರ ಜೊತೆ ಫ್ರೀ ಸೀಟಿನವನ ಖರ್ಚನ್ನೂ ಹೊರುತ್ತಿದ್ದ.

ಹಾಗಾದರೆ ಫ್ರೀ ಸೀಟು ಯಾರಿಗೆ ಹೋಯಿತು? ಪಟ್ಟಣದ ಒಳ್ಳೆಯ ಶಾಲೆ, ಟ್ಯೂಷನ್, ಕೋಚಿಂಗ್ ಇದ್ದವರಿಗೆ ಹೆಚ್ಚು ಅಂಕ. ಹಳ್ಳಿ ಶಾಲೆಯಿಂದ ಬಂದು ಸ್ವಲ್ಪ ಅಂಕ ಕಡಿಮೆಯಾದವರಿಗೆ ಪೇಮೆಂಟ್ ಸೀಟು. ಹಳ್ಳಿಯ ಬಡ ವಿದ್ಯಾರ್ಥಿಯೇ ಪಟ್ಟಣದ ಶ್ರೀಮಂತ ವಿದ್ಯಾರ್ಥಿಯ ಭಾರ ಹೊರುವಂತಾಯಿತು ಎಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠವೇ ಗುರುತಿಸಿತು. 2002ರ ಅಕ್ಟೋಬರ್ 31ರ ಟಿ.ಎಂ.ಎ. ಪೈ ಫೌಂಡೇಷನ್ ತೀರ್ಪು ಅದು. ಮಣಿಪಾಲದ ಹೆಸರು ಮತ್ತೆ ಬಂತು. ಫ್ರೀ-ಪೇಮೆಂಟ್ ಯೋಜನೆ ರದ್ದಾಯಿತು. ಖಾಸಗಿ ಕಾಲೇಜುಗಳಿಗೆ ತಮ್ಮ ಶುಲ್ಕ ತಾವೇ ನಿರ್ಧರಿಸುವ ಸ್ವಾತಂತ್ರ್ಯ ಸಿಕ್ಕಿತು, ಲಾಭಕೋರತನ ಮಾತ್ರ ಸಲ್ಲದು ಎಂಬ ಷರತ್ತಿನೊಂದಿಗೆ.

ಆ ತೀರ್ಪಿನ ಅರ್ಥವೇನು ಎಂಬ ಗೊಂದಲ ಬಿಡಿಸಲು ಬಂದ ಮುಂದಿನ ಪ್ರಕರಣಕ್ಕೆ ನಮ್ಮವರದ್ದೇ ಸಂಸ್ಥೆಯ ಹೆಸರಿದೆ: ಮಂಗಳೂರಿನ ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಷನ್ ಮತ್ತು ಕರ್ನಾಟಕ ಸರಕಾರ. 2003ರ ಆಗಸ್ಟ್ 14ರ ಆ ತೀರ್ಪಿನಿಂದಲೇ ಪ್ರತಿ ರಾಜ್ಯದಲ್ಲೂ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರ ನೇತೃತ್ವದ ಶುಲ್ಕ ಸಮಿತಿ ಬಂತು. 2005ರ ಇನಾಮ್‌ದಾರ್ ತೀರ್ಪು ಎನ್‌ಆರ್‌ಐ ಸೀಟಿಗೆ ಶೇ. 15ರ ಮಿತಿ ಹಾಕಿತು, ಆ ಸೀಟು ನಿಜವಾದ ಅನಿವಾಸಿಗಳ ಮಕ್ಕಳಿಗೆ ಅಥವಾ ಅವರ ಆಶ್ರಯದಲ್ಲಿರುವವರಿಗೆ ಮಾತ್ರ ಎಂದಿತು. ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಹಾಗಾಗಿ ಈ ಮಾತನ್ನು ನಾವು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇದಾದ ಮೇಲೆ ಕಾಲೇಜುಗಳು ವಿಶ್ವವಿದ್ಯಾಲಯಗಳಾಗುವ ಕಾಲ. ಮಣಿಪಾಲ 1993ರಲ್ಲೇ ಡೀಮ್ಡ್ ವಿಶ್ವವಿದ್ಯಾಲಯವಾಗಿತ್ತು. 2010ರಿಂದ ಕರ್ನಾಟಕದಲ್ಲಿ ಅಲಯನ್ಸ್, ಅಜೀಂ ಪ್ರೇಮ್‌ಜಿ ಹೀಗೆ ಒಂದೊಂದಕ್ಕೂ ಪ್ರತ್ಯೇಕ ಕಾಯಿದೆ ಮಾಡಿ ಖಾಸಗಿ ವಿಶ್ವವಿದ್ಯಾಲಯಗಳನ್ನು ಸ್ಥಾಪಿಸಲಾಯಿತು. ಬೆಂಗಳೂರಿನ ಸುತ್ತ ಗಾಜಿನ ಕಟ್ಟಡಗಳೆದ್ದವು.

ಅಂಥದೊಂದರಲ್ಲಿ ನನ್ನ ತಮ್ಮ ಓದಿದ. ಆಗ ನಾನು ಡಿಪ್ಲೊಮಾ ಮುಗಿಸಿ ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಭಾನುವಾರ ನನ್ನ ರೂಮಿಗೆ ಬರುತ್ತಿದ್ದ. ಮೊದಲ ವಾರ ಕ್ಲಾಸಿನಲ್ಲಿ ಹೆಸರು ಕೇಳಿದ ಮೇಲೆ ಎಲ್ಲರೂ ಕೇಳುತ್ತಿದ್ದದ್ದು "ಯಾವ ಕೋಟಾ?" ಅಂತೆ. ಒಂದೇ ಬೆಂಚಿನಲ್ಲಿ ಸಿಇಟಿಯವನು, ಮ್ಯಾನೇಜ್‌ಮೆಂಟ್ ಕೋಟಾದವನು, ಎನ್‌ಆರ್‌ಐ ಸೀಟಿನವನು. ವರ್ಕ್‌ಶಾಪಿನ ಲೇತ್ ಮಾತ್ರ ಎಲ್ಲರಿಗೂ ಒಂದೇ, ಪಾಠ ಮಾಡುವವರೂ ಅವರೇ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಅವನಿಗೆ ಇಂಗ್ಲಿಷ್ ಪಾಠ ಕಷ್ಟವಾಯಿತು. ಆದರೆ ಅದಕ್ಕಿಂತ ಕಾಡಿದ್ದು ಹಣ. ಪುಸ್ತಿಕೆಯಲ್ಲಿ ಅಚ್ಚಾದದ್ದು ಟ್ಯೂಷನ್ ಫೀ ಮಾತ್ರ. ಹಾಸ್ಟೆಲು, ಮೆಸ್ಸು, ಡೆಪಾಸಿಟ್ಟು, ಬಸ್ಸು, ಪರೀಕ್ಷೆ ಎಂದು ಉಳಿದದ್ದು ಒಂದೊಂದಾಗಿ ಬಂತು. ಒಂದು ಮೊತ್ತಕ್ಕೆ ರಸೀದಿಯನ್ನೇ ಕೊಡಲಿಲ್ಲ. ಎರಡನೇ ವರ್ಷ ಕಂತು ತಡವಾದಾಗ ಪರೀಕ್ಷೆಯ ಹಿಂದಿನ ದಿನದವರೆಗೂ ಹಾಲ್ ಟಿಕೆಟ್ ತಡೆಹಿಡಿದರು. ಉಪ್ಪ ಅಂಗಡಿಗೆ ಸಾಮಾನು ತರಿಸಲು ಇಟ್ಟಿದ್ದ ಹಣ ಕಳುಹಿಸಿದರು. ಆ ತಿಂಗಳು ಅರ್ಧ ಕಪಾಟು ಖಾಲಿಯಿತ್ತು.

ಬ್ಯಾಂಕ್ ಸಾಲ ಯಾಕೆ ತೆಗೆಯಲಿಲ್ಲ ಎಂದು ಕೆಲವರು ಕೇಳಿದ್ದಾರೆ. 2001ರಿಂದ ಬ್ಯಾಂಕುಗಳಲ್ಲಿ ಮಾದರಿ ಶಿಕ್ಷಣ ಸಾಲ ಯೋಜನೆ ಇದೆ, 4 ಲಕ್ಷದವರೆಗೆ ಅಡಮಾನ ಬೇಡ. ಆದರೆ ಅದಕ್ಕೆ ಬಡ್ಡಿಯಿದೆ. ನಮ್ಮ ಮನೆಯ ಹಾಗೆ ಬಡ್ಡಿಗೆ ಕೈ ಹಾಕದ ಮನೆಗಳು ನಮ್ಮಲ್ಲಿ ಅನೇಕ. ಉಮ್ಮ ಎರಡು ಬಳೆ ಮಾರಿದರು. ಕರ್ನಾಟಕದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ "ಅರಿವು" ಸಾಲವಿದೆ. ತಲಪಾಡಿಯ ಈಚೆ ಇರುವ ನಾವು ಅಲ್ಲಿಯೂ ಬೇರೆ ಕಾಲಂ.

ತಮ್ಮ ಪಾಸಾದ, ಕೆಲಸದಲ್ಲಿದ್ದಾನೆ. ದುಬಾರಿ ಓದು ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ನ್ಯಾಯಾಲಯ ಬಾರಿ ಬಾರಿ ನಿಯಮ ಬದಲಿಸಿದರೂ ಒಂದು ಮಾತು ಬದಲಾಗಲಿಲ್ಲ: ಊರಿನ ಶಾಲೆಯ ಮಗುವಿಗೆ ಸೀಟು ತುಟ್ಟಿ. ಇದಕ್ಕೆ ಮದ್ದು ಹನ್ನೆರಡನೇ ತರಗತಿಯ ನಂತರ ಹಣ ಹೊಂದಿಸುವುದರಲ್ಲಿಲ್ಲ, ಎಂಟನೇ ತರಗತಿಯಲ್ಲೇ ಗಣಿತ, ವಿಜ್ಞಾನ, ಇಂಗ್ಲಿಷಿಗೆ ಗಮನ ಕೊಡುವುದರಲ್ಲಿದೆ. ಮದುವೆ ಹಾಲಿಗೆ ಚಂದಾ ಎತ್ತುವ ನಮ್ಮ ಜಮಾಅತ್‌ಗಳು ಸಂಜೆಯ ಟ್ಯೂಷನ್ನಿಗೂ ಎತ್ತಬಹುದು.

ಇನ್ನೆರಡು ಮಾತು. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಅರ್ಜಿ ಹಾಕುವ ಮೊದಲು ಆ ವರ್ಷದ ನಿಯಮಗಳನ್ನು ಪೂರ್ತಿ ಓದಿ. ಮಕ್ಕಳನ್ನು ಕನ್ನಡ ಮಾಧ್ಯಮದಿಂದ ಬಿಡಿಸುವ ಮುಂಚೆಯೂ ಇದನ್ನು ಯೋಚಿಸಿ. ಮತ್ತೆ, ಯಾವ ಕಾಲೇಜೇ ಆಗಲಿ, ನಾಲ್ಕೂ ವರ್ಷದ ಒಟ್ಟು ಖರ್ಚನ್ನು ಬರವಣಿಗೆಯಲ್ಲಿ ಕೇಳಿ, ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅಂಗಡಿಯಲ್ಲಿ ನಾವು ಮಾಡುವ ವ್ಯಾಪಾರಕ್ಕೆ ಇರುವಷ್ಟು ಲೆಕ್ಕ ಮಕ್ಕಳ ಓದಿಗೂ ಇರಲಿ.