ಮೋತಿಬಿಂದು ಆಪರೇಷನ್: ಕಣ್ಣೊಳಗೆ ಹಾಕುವ ಲೆನ್ಸ್ ನಂಬರ್ ಹೇಗೆ ತೆಗೀತಾರೆ?

ಮೆಹಕರ (ಭಾಲ್ಕಿ): ಮನೆಯಲ್ಲಿ ಹಿರಿಯರಿಗೆ ಮೋತಿಬಿಂದು, ಅಂದ್ರೆ ಕಣ್ಣಿನ ಪೊರೆ ಆಪರೇಷನ್ ಅಂತ ನಿಕ್ಕಿಯಾದರೆ ಮೊದಲು ಬರೋ ಪ್ರಶ್ನೆ ‘ಯಾವ ಕಂಪನಿ ಲೆನ್ಸ್, ಎಷ್ಟು ದುಡ್ಡು?’ ಅಂತ. ‘ಲೆನ್ಸ್ ನಂಬರ್ ಎಷ್ಟು, ಅದನ್ನ ಹೇಗೆ ತೆಗೆದ್ರಿ?’ ಅಂತ ಕೇಳುವವರು ಕಡಿಮೆ. ಆದರೆ ಆಪರೇಷನ್ ಚೆನ್ನಾಗಿ ಆದರೂ ನಂಬರ್ ತಪ್ಪಿದರೆ ಬಸ್ಸಿನ ಬೋರ್ಡ್ ಓದೋಕೂ ಕನ್ನಡಕ ಬೇಕಾಗುತ್ತೆ.

ಗಡಿಭಾಗದ ಮೆಹಕರ ಸುತ್ತಲಿನ ಜನ ಕಣ್ಣಿನ ಚಿಕಿತ್ಸೆಗೆ ಭಾಲ್ಕಿ, ಬೀದರ್‌ಗೂ ಹೋಗ್ತಾರೆ, ಮಹಾರಾಷ್ಟ್ರದ ಉದಗೀರ್, ಲಾತೂರಿಗೂ ಹೋಗ್ತಾರೆ. ಎಲ್ಲಿಗೆ ಹೋದರೂ ತಿಳಿದಿರಬೇಕಾದ ವಿಷಯ ಇಲ್ಲಿದೆ.

ಕನ್ನಡಕದ ನಂಬರ್ ಬೇರೆ, ಲೆನ್ಸ್ ನಂಬರ್ ಬೇರೆ

ನಮ್ಮ ಕಣ್ಣೊಳಗೆ ಹುಟ್ಟಿನಿಂದಲೇ ಒಂದು ಮಸೂರ ಇರುತ್ತೆ. ವಯಸ್ಸಾದಂತೆ ಅದು ಮಸುಕಾಗುವುದೇ ಪೊರೆ. ಆಪರೇಷನ್‌ನಲ್ಲಿ ಅದನ್ನು ತೆಗೆದು ಅದೇ ಜಾಗಕ್ಕೆ ಕೃತಕ ಲೆನ್ಸ್ ಕೂರಿಸುತ್ತಾರೆ. ಇದರ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಹೇಳ್ತಾರೆ. ಸಾಮಾನ್ಯ ಕಣ್ಣಿಗೆ ಇದು 20ರ ಆಸುಪಾಸು. ಹೆಚ್ಚಿನ ಲೆನ್ಸ್‌ಗಳು ಅರ್ಧ ಅರ್ಧ ಡಯಾಪ್ಟರ್ ವ್ಯತ್ಯಾಸದಲ್ಲಿ ಸಿಗುತ್ತವೆ: 20, 20.5, 21 ಹೀಗೆ. ಕಾರ್ಡ್ ಮೇಲೆ 21 ಅಂತ ಬರೆದಿರೋದು ನೋಡಿ ‘ಇಷ್ಟು ದೊಡ್ಡ ನಂಬರ್ ಬಂತಾ’ ಅಂತ ಹೆದರಬೇಕಿಲ್ಲ.

ಹಿಂದೆ ಕೆಲವು ಕಡೆ ರೋಗಿಯ ಹಳೆ ಕನ್ನಡಕದ ನಂಬರನ್ನು 1.25ರಿಂದ ಗುಣಿಸಿ, 18ಕ್ಕೆ ಕೂಡಿಸಿ ಲೆನ್ಸ್ ನಂಬರ್ ಅಂದಾಜು ಮಾಡ್ತಿದ್ರು. ಇದರಲ್ಲಿ ಒಂದು ಮೋಸ ಇದೆ. ಪೊರೆ ಗಟ್ಟಿಯಾಗುತ್ತಾ ಹೋದಂತೆ ಕೆಲವರಿಗೆ ಅದೇ ಮೈನಸ್ ನಂಬರ್ ತರುತ್ತೆ. ಅಜ್ಜ ಇದ್ದಕ್ಕಿದ್ದಂತೆ ಕನ್ನಡಕ ಇಲ್ಲದೆ ಪೇಪರ್ ಓದೋಕೆ ಶುರು ಮಾಡಿದರೆ ‘ಕಣ್ಣು ಮರಳಿ ಬಂತು’ ಅಂತ ಮನೆಯವರು ಖುಷಿಪಡ್ತಾರೆ. ಅದು ಪೊರೆ ಬಲಿಯುತ್ತಿರುವ ಲಕ್ಷಣ ಆಗಿರಬಹುದು. ಆ ನಂಬರ್ ನಂಬಿ ಲೆನ್ಸ್ ಹಾಕಿದರೆ ಲೆಕ್ಕ ತಪ್ಪುತ್ತೆ. ಹಾಗಾಗಿ ಕಣ್ಣನ್ನೇ ಅಳೆಯಬೇಕು.

ಎರಡು ಅಳತೆ, ಒಂದು ಲೆಕ್ಕ

ಈ ಪರೀಕ್ಷೆಗೆ ಬಯೋಮೆಟ್ರಿ ಅಂತಾರೆ. ಮುಖ್ಯವಾಗಿ ಎರಡು ಅಳತೆ ಬೇಕು.

1. ಕಣ್ಣುಗುಡ್ಡೆಯ ಉದ್ದ: ಮುಂದಿನ ಕಾರ್ನಿಯಾದಿಂದ ಹಿಂದಿನ ಅಕ್ಷಿಪಟಲದವರೆಗೆ. ದೊಡ್ಡವರಲ್ಲಿ ಸಾಮಾನ್ಯವಾಗಿ 23ರಿಂದ 23.5 ಮಿ.ಮೀ. ಆಸುಪಾಸು.

2. ಕಾರ್ನಿಯಾದ ಬಾಗು: ಇದನ್ನು ಕೆರಾಟೋಮೀಟರ್ ಅಳೆಯುತ್ತೆ. ಸಾಮಾನ್ಯವಾಗಿ 43-44 ಡಯಾಪ್ಟರ್.

ಇವನ್ನು ಸೂತ್ರಕ್ಕೆ ಹಾಕ್ತಾರೆ. 1980ರ ಹೊತ್ತಿಗೆ ಸ್ಯಾಂಡರ್ಸ್, ರೆಟ್ಸ್‌ಲಾಫ್, ಕ್ರಾಫ್ ಎಂಬ ಮೂವರು ವೈದ್ಯರು ಕೊಟ್ಟ ಎಸ್‌ಆರ್‌ಕೆ ಸೂತ್ರ ತುಂಬಾ ಸರಳ: ಲೆನ್ಸಿನ ‘ಎ’ ಅಂಕಿಯಿಂದ ಉದ್ದದ 2.5 ಪಟ್ಟು ಮತ್ತು ಬಾಗಿನ 0.9 ಪಟ್ಟು ಕಳೆಯಬೇಕು. ‘ಎ’ ಅಂಕಿ ಆಯಾ ಲೆನ್ಸ್ ಮಾದರಿಗೆ ಬೇರೆ ಬೇರೆ, ಡಬ್ಬಿ ಮೇಲೆ ಇರುತ್ತೆ.

ಉದಾಹರಣೆಗೆ ಅಕ್ಕಪಕ್ಕದ ಮನೆಯ ಇಬ್ಬರನ್ನು ತಗೊಳ್ಳಿ. ಇಬ್ಬರಿಗೂ ‘ಎ’ 118.4, ಬಾಗು 44. ಒಬ್ಬರ ಕಣ್ಣು 22.5 ಮಿ.ಮೀ. ಉದ್ದ: 118.4 − 56.25 − 39.6 = 22.55. ಇನ್ನೊಬ್ಬರದು 24.3 ಮಿ.ಮೀ.: 118.4 − 60.75 − 39.6 = 18.05. ಅಂದರೆ ಒಬ್ಬರಿಗೆ 22.5, ಇನ್ನೊಬ್ಬರಿಗೆ 18. ಎರಡು ಮಿ.ಮೀ. ಕೂಡ ಇಲ್ಲದ ವ್ಯತ್ಯಾಸಕ್ಕೆ ನಾಲ್ಕೂವರೆ ನಂಬರ್ ಫರಕು!

ಇಬ್ಬರಿಗೂ ‘ಸಾಮಾನ್ಯ’ 20 ನಂಬರ್ ಹಾಕಿದ್ರೆ? ಮೊದಲನೆಯವರಿಗೆ ಪ್ಲಸ್ ಕನ್ನಡಕ ಬೇಕಾಗುತ್ತೆ, ಇಲ್ಲದಿದ್ದರೆ ದೂರವೂ ಮಂಜು, ಹತ್ತಿರವೂ ಮಂಜು. ಎರಡನೆಯವರಿಗೆ ಹತ್ತಿರದ್ದು ಕಂಡರೂ ದೂರದ ಎತ್ತು, ಬಂಡಿ ಮಸುಕು.

ಈಗ ಆಸ್ಪತ್ರೆಗಳಲ್ಲಿ ಎಸ್‌ಆರ್‌ಕೆ-ಟಿ, ಹಾಫರ್ ಕ್ಯೂ, ಹೈಗಿಸ್, ಬ್ಯಾರೆಟ್‌ನಂತಹ ಹೊಸ ಸೂತ್ರಗಳಿವೆ. ಲೆಕ್ಕ ಮಷಿನ್ನೇ ಮಾಡುತ್ತೆ. ತೀರಾ ಚಿಕ್ಕ ಅಥವಾ ತೀರಾ ಉದ್ದ ಕಣ್ಣಿಗೆ ಹಳೆ ಸೂತ್ರ ಸಾಕಾಗಲ್ಲ.

ತಪ್ಪು ಎಲ್ಲಿ ನುಸುಳುತ್ತೆ?

ಉದ್ದ ಅಳೆಯಲು ಎರಡು ದಾರಿ. ಎ-ಸ್ಕ್ಯಾನ್‌ನಲ್ಲಿ ಪೆನ್ನಿನಂತಹ ಕಡ್ಡಿಯನ್ನು ಕಣ್ಣಿಗೆ ತಾಗಿಸಿ ಶಬ್ದದ ಅಲೆಯಿಂದ ಅಳೀತಾರೆ. ಕಡ್ಡಿ ಸ್ವಲ್ಪ ಒತ್ತಿ 0.4 ಮಿ.ಮೀ. ಕಡಿಮೆ ತೋರಿಸಿದರೂ ಲೆನ್ಸ್ ಒಂದು ಡಯಾಪ್ಟರ್ ಜಾಸ್ತಿ ಬರುತ್ತೆ. ಇನ್ನೊಂದು ಬೆಳಕಿನ ಮಷಿನ್. ಇದು ಕಣ್ಣಿಗೆ ತಾಗಲ್ಲ, ಹೆಚ್ಚು ನಿಖರ. ಆದರೆ ಪೊರೆ ಪೂರ್ತಿ ಬೆಳ್ಳಗಾಗಿ ಬಲಿತಿದ್ದರೆ ಬೆಳಕು ಒಳಗೆ ದಾಟಲ್ಲ, ಆಗ ಮತ್ತೆ ಎ-ಸ್ಕ್ಯಾನೇ ಗತಿ. ‘ಸುಗ್ಗಿ ಮುಗೀಲಿ, ಆಮೇಲೆ ನೋಡೋಣ’ ಅಂತ ವರ್ಷಗಟ್ಟಲೆ ಮುಂದೂಡುವವರು ಇದನ್ನು ಗಮನಿಸಬೇಕು.

ಒಂದೇ ಕಣ್ಣಿಗೆ ಆಪರೇಷನ್ ಇದ್ದರೂ ಎರಡೂ ಕಣ್ಣು ಅಳೆಯುವುದು ಒಳ್ಳೇದು. ಎರಡರ ಉದ್ದದಲ್ಲಿ 0.3 ಮಿ.ಮೀ.ಗಿಂತ ಹೆಚ್ಚು ಅಂತರ ಬಂದರೆ ಮತ್ತೊಮ್ಮೆ ಅಳೆದು ನೋಡ್ತಾರೆ.

ಎಲ್ಲಾ ಸರಿ ಮಾಡಿದರೂ ಸಣ್ಣ ಫರಕು ಉಳಿಯಬಹುದು. ಬ್ರಿಟನ್‌ನಲ್ಲಿ 2009ರಲ್ಲಿ ಸೂಚಿಸಿದ ಮಾನದಂಡದ ಪ್ರಕಾರ, 100ರಲ್ಲಿ 85 ಕಣ್ಣುಗಳ ನಂಬರ್ ಅಂದುಕೊಂಡದ್ದಕ್ಕಿಂತ ಒಂದು ಡಯಾಪ್ಟರ್ ಒಳಗೆ ಬರಬೇಕು.

ಇಲ್ಲಿಯವರೆಗೆ ಬಂದ ದಾರಿ

ಲಂಡನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1949ರ ನವೆಂಬರ್ 29ರಂದು ಹೆರಾಲ್ಡ್ ರಿಡ್ಲಿ ಮೊದಲ ಕೃತಕ ಲೆನ್ಸ್ ಹಾಕಿದರು. ಲೆನ್ಸೇನೋ ಕೂತಿತು, ಆದರೆ ಶಕ್ತಿ ವಿಪರೀತ ಹೆಚ್ಚಾಗಿ ಆ ರೋಗಿಗೆ ಸುಮಾರು ಮೈನಸ್ 18 ನಂಬರ್ ಬಂತು.

ಕರ್ನಾಟಕದಲ್ಲಿ ಬೀಳಗಿಯ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಸಾಮೂಹಿಕ ಶಿಬಿರ ಮಾಡುತ್ತಿದ್ದ ಕಾಲದಲ್ಲಿ ಪೊರೆ ತೆಗೆದವರಿಗೆ ಪ್ಲಸ್ 10ರ ಸುಮಾರಿನ ದಪ್ಪ ಗಾಜಿನ ಕನ್ನಡಕವೇ ಆಧಾರ. 1992ರಲ್ಲಿ ಮದುರೆಯ ಅರೋಲ್ಯಾಬ್ ಕಡಿಮೆ ಬೆಲೆಗೆ ಲೆನ್ಸ್ ತಯಾರಿಸಲು ಶುರು ಮಾಡಿದ ಮೇಲೆ ಬಡವರ ಕಣ್ಣಿಗೂ ಲೆನ್ಸ್ ಬಂತು.

ಆಸ್ಪತ್ರೆಗೆ ಹೋಗುವಾಗ

* ಲೇಸರ್‌ನಿಂದ ಕನ್ನಡಕ ತೆಗೆಸಿದ್ದರೆ, ಕಣ್ಣಿಗೆ ಪೆಟ್ಟು ಅಥವಾ ಬೇರೆ ಆಪರೇಷನ್ ಆಗಿದ್ದರೆ ಮೊದಲೇ ಹೇಳಿ. ಲೆಕ್ಕದ ವಿಧಾನವೇ ಬದಲಾಗಬಹುದು.

* ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಎಷ್ಟು ದಿನ ಮುಂಚೆ ಬಿಡಬೇಕು ಅಂತ ಕೇಳಿ.

* ನಿಮ್ಮ ಕೆಲಸ ಏನು ಅಂತ ಹೇಳಿ. ಸಾದಾ ಲೆನ್ಸ್ ಒಂದೇ ದೂರಕ್ಕೆ ಹೊಂದುತ್ತೆ. ಸಾಮಾನ್ಯವಾಗಿ ದೂರಕ್ಕೆ ಇಟ್ಟು, ಓದಲು ಕನ್ನಡಕ ಕೊಡ್ತಾರೆ. ಟೈಲರ್‌ಗೆ ಹತ್ತಿರದ್ದೇ ಮುಖ್ಯ ಅನಿಸಬಹುದು.

* ಆಪರೇಷನ್ ಆದ ಮರುದಿನವೇ ಕನ್ನಡಕ ಮಾಡಿಸಬೇಡಿ. ಕಣ್ಣು ಮಾಗಲು ನಾಲ್ಕರಿಂದ ಆರು ವಾರ ಬೇಕು. ಆಗಲೂ ನಂಬರ್ ತುಂಬಾ ಬಂದರೆ ವೈದ್ಯರನ್ನು ಕೇಳಿ. ಕನ್ನಡಕದಿಂದ ಸರಿಯಾಗದಿದ್ದರೆ ಲೆನ್ಸ್ ಬದಲಿಸುವ ದಾರಿಯೂ ಇದೆ.

* ಲೆನ್ಸ್ ಡಬ್ಬಿಯ ಸ್ಟಿಕ್ಕರ್ ಡಿಸ್ಚಾರ್ಜ್ ಕಾರ್ಡ್ ಮೇಲೆ ಅಂಟಿಸಿದ್ದಾರಾ ನೋಡಿ. ಅದರಲ್ಲಿ ಮಾದರಿ, ಪವರ್, ಬ್ಯಾಚ್ ಇರುತ್ತೆ. ಬಯೋಮೆಟ್ರಿ ಚೀಟಿಯದ್ದೂ ಒಂದು ಜೆರಾಕ್ಸ್ ಇಸ್ಕೊಳ್ಳಿ, ಮೊಬೈಲ್‌ನಲ್ಲಿ ಫೋಟೋ ಹೊಡೆದಿಡಿ.

ಗಡಿಭಾಗದವರಿಗೆ ಈ ಕೊನೆಯದು ಬಹಳ ಮುಖ್ಯ. ಮೊದಲ ಕಣ್ಣು ಉದಗೀರಿನಲ್ಲಿ, ಎರಡನೇ ಕಣ್ಣು ಬೀದರ್‌ನಲ್ಲಿ ಆದರೆ ಒಂದು ಆಸ್ಪತ್ರೆಯ ದಾಖಲೆ ಇನ್ನೊಂದಕ್ಕೆ ತಾನಾಗಿ ಬರಲ್ಲ. ಮೊದಲ ಕಣ್ಣಿಗೆ ಯಾವ ಲೆನ್ಸ್ ಹಾಕಿದ್ರು, ಆಮೇಲೆ ಎಷ್ಟು ನಂಬರ್ ಉಳೀತು ಅಂತ ಗೊತ್ತಾದರೆ ಎರಡನೇ ಕಣ್ಣಿನ ಲೆಕ್ಕವನ್ನು ವೈದ್ಯರು ತಿದ್ದಿಕೊಳ್ಳಬಹುದು. ಆ ಚೀಟಿಯನ್ನು ರೇಷನ್ ಕಾರ್ಡ್ ಜೊತೆಗೇ ಜೋಪಾನವಾಗಿಡಿ.