ಆದಿ-ಅಂತ್ಯ ಪರೀಕ್ಷೆ: ಗಣಕ ಕಡತಗಳ ನಿರ್ಣಯದ ಇತಿಹಾಸ

ತಾಡವೋಲೆಯ ಕಟ್ಟಿನ ಹಲಗೆಯ ಮೇಲೆ ಬರೆದಿರುವ ಹೆಸರು ಸೂಚಿಕಾರನಿಗೆ ಒಂದು ಸುಳಿವು ಮಾತ್ರ, ಪ್ರಮಾಣವಲ್ಲ. ಹಲಗೆಗಳು ಅದಲುಬದಲಾಗಿರುವುದೂ, ಒಂದು ಗ್ರಂಥದ ಗರಿಗಳು ಮತ್ತೊಂದರ ಕಟ್ಟಿನಲ್ಲಿ ಸೇರಿರುವುದೂ ಅಪರೂಪವಲ್ಲ. ಆದುದರಿಂದ ಅವನು ಮೊದಲ ಗರಿಯ ಮಂಗಳಾಚರಣೆಯನ್ನೂ ಕೊನೆಯ ಗರಿಯ ಪುಷ್ಪಿಕೆಯನ್ನೂ ಓದಿ ಗ್ರಂಥವನ್ನು ನಿರ್ಣಯಿಸುತ್ತಾನೆ. ವರ್ಣನಾತ್ಮಕ ಸೂಚಿಗಳಲ್ಲಿ ‘ಆದಿ’, ‘ಅಂತ್ಯ’ ಎಂಬ ಭಾಗಗಳು ಬಂದಿರುವುದು ಈ ಕಾರಣದಿಂದಲೇ. ಗಣಕಯಂತ್ರದ ಕಡತಗಳನ್ನು ಗುರುತಿಸುವ ಇಂದಿನ ಸಾಧನಗಳೂ ಇದೇ ಮಾರ್ಗವನ್ನು ಹಿಡಿದಿವೆಯೆಂಬುದು ಹಸ್ತಪ್ರತಿಶಾಸ್ತ್ರದ ಅಭ್ಯಾಸಿಗಳಿಗೆ ಸ್ವಾರಸ್ಯದ ಸಂಗತಿಯಾಗಿದೆ.

ಕಡತದ ಹೆಸರಿನಲ್ಲಿ ಚುಕ್ಕೆಯ ನಂತರ ಬರುವ ಕೆಲವು ಅಕ್ಷರಗಳು ಹಲಗೆಯ ಹೆಸರಿಗೆ ಸಮಾನವಾದವು. ಅವನ್ನು ಯಾರು ಬೇಕಾದರೂ ಬದಲಾಯಿಸಬಹುದು. ಕಡತದ ನಿಜವಾದ ಜಾತಿ ಅದರ ಒಳಗಿನ ಬೈಟುಗಳಿಂದ ತಿಳಿಯುತ್ತದೆ. ಪಿಡಿಎಫ್ ಕಡತವು ಶೇಕಡಾ ಚಿಹ್ನೆ ಹಾಗೂ ‘ಪಿಡಿಎಫ್’ ಎಂಬ ರೋಮನ್ ಅಕ್ಷರಗಳಿಂದ ಆರಂಭವಾಗಿ, ಕಡತ ಮುಗಿಯಿತೆಂಬ ಸಂಕೇತದಿಂದ ಕೊನೆಗೊಳ್ಳುತ್ತದೆ. ಜೆಪೆಗ್ ಚಿತ್ರವೊಂದರ ಮೊದಲ ಎರಡು ಬೈಟುಗಳ ಬೆಲೆ 255, 216. ಕೊನೆಯ ಎರಡರ ಬೆಲೆ 255, 217. ಆದಿಯಿದ್ದು ಅಂತ್ಯವಿಲ್ಲದಿದ್ದರೆ, ಕೊನೆಯ ಗರಿಗಳನ್ನು ಕಳೆದುಕೊಂಡ ಕಟ್ಟಿನಂತೆ, ಆ ಚಿತ್ರವು ಅಸಮಗ್ರವೆಂದು ಶಂಕಿಸಬೇಕಾಗುತ್ತದೆ.

ಈ ವಿಧಾನಕ್ಕೆ ಅರ್ಧ ಶತಮಾನದ ಇತಿಹಾಸವಿದೆ. 1973ರ ನವೆಂಬರ್ ತಿಂಗಳ ಯುನಿಕ್ಸ್ ಕೈಪಿಡಿಯಲ್ಲಿಯೇ ‘ಫೈಲ್’ ಎಂಬ ಆದೇಶದ ಉಲ್ಲೇಖ ದೊರೆಯುತ್ತದೆ. 1986ರಿಂದೀಚೆಗೆ ಕೆನಡಾದ ಇಯಾನ್ ಡಾರ್ವಿನ್ ಅದನ್ನು ಹೊಸದಾಗಿ ಬರೆದು ಎಲ್ಲರಿಗೂ ಉಚಿತವಾಗಿ ದೊರೆಯುವಂತೆ ಮಾಡಿದರು. ಬ್ರಿಟನ್ನಿನ ರಾಷ್ಟ್ರೀಯ ದಫ್ತರಖಾನೆಯು 2002ರಲ್ಲಿ ‘ಪ್ರೋನಮ್’ ಎಂಬ ಲಕ್ಷಣಸೂಚಿಯನ್ನು ಸಿದ್ಧಪಡಿಸಿ, 2004ರಲ್ಲಿ ಅಂತರಜಾಲದ ಮೂಲಕ ಸಾರ್ವಜನಿಕರಿಗೆ ತೆರೆಯಿತು. ಅದರಲ್ಲಿ ಪ್ರತಿಯೊಂದು ಪ್ರಕಾರಕ್ಕೂ ಸ್ಥಿರವಾದ ಕ್ರಮಾಂಕವಿದೆ, ಪಿಡಿಎಫ್‌ನ 1.4ನೆಯ ಆವೃತ್ತಿಗೆ ‘ಎಫ್‌ಎಂಟಿ/18’ ಎಂಬುದು ಅಂಥ ಕ್ರಮಾಂಕ. ಈ ಸೂಚಿಯನ್ನು ಆಧರಿಸಿ ಕಡತಗಳನ್ನು ಪರೀಕ್ಷಿಸುವ ‘ಡ್ರಾಯ್ಡ್’ ಎಂಬ ಉಚಿತ ಸಾಧನ 2005ರಲ್ಲಿ ಹೊರಬಂದಿತು. ಒಳಗಿನ ಲಕ್ಷಣಗಳು ಸಿಗದೆ ಹೆಸರಿನ ಬಲದಿಂದಲೇ ನಿರ್ಣಯಿಸಿದಾಗ ಡ್ರಾಯ್ಡ್ ಆ ಸಂಗತಿಯನ್ನು ಪ್ರತ್ಯೇಕವಾಗಿ ನಮೂದಿಸುತ್ತದೆ. ಸೂಚಿಕಾರನಿಗೆ ಒಪ್ಪುವ ಪ್ರಾಮಾಣಿಕತೆಯಿದು.

ಆದಿಯೊಂದೇ ಸಾಲದ ಸಂದರ್ಭಗಳೂ ಉಂಟು. 1989ರಲ್ಲಿ ಫಿಲ್ ಕಾಟ್ಜ್ ರೂಪಿಸಿದ ಜಿಪ್ ಕಡತಗಳು ಅವರ ಹೆಸರಿನ ಮೊದಲಕ್ಷರಗಳಾದ ‘ಪಿಕೆ’ಯಿಂದ ಆರಂಭವಾಗುತ್ತವೆ. ಇಂದಿನ ವರ್ಡ್ ದಾಖಲೆಯೂ ಎಕ್ಸೆಲ್ ಕೋಷ್ಟಕವೂ ವಾಸ್ತವದಲ್ಲಿ ಜಿಪ್ ಕಟ್ಟುಗಳೇ ಆದುದರಿಂದ ಇವೆರಡರ ಆದಿಯೂ ಒಂದೇ. ಅನೇಕ ಕೃತಿಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಕಟ್ಟನ್ನು ಬಿಚ್ಚಿ ನೋಡುವಂತೆ, ಇಲ್ಲಿ ಒಳಗಿನ ಕಡತಗಳನ್ನೂ ಪರಿಶೀಲಿಸಿಯೇ ನಿರ್ಣಯಕ್ಕೆ ಬರಬೇಕು.

ಗುರುತಿಸಿದ ದಾಖಲೆಯನ್ನು ನೋಡುವ ಸೌಕರ್ಯವೂ ಇಂದು ಸುಲಭವಾಗಿದೆ. 2011ರಲ್ಲಿ ಮೊಜಿಲ್ಲಾ ಆರಂಭಿಸಿದ ಪಿಡಿಎಫ್.ಜೆಎಸ್ ಯೋಜನೆಯಿಂದ ಜಾಲದರ್ಶಕದಲ್ಲಿಯೇ ಪಿಡಿಎಫ್ ಓದಬಹುದು. ಅದೇ ವರ್ಷ ಮೊದಲಾದ ‘ಐಐಐಎಫ್’ ಎಂಬ ಒಪ್ಪಂದದ ಫಲವಾಗಿ, ಬೇರೆ ಬೇರೆ ಗ್ರಂಥಾಲಯಗಳ ಹಸ್ತಪ್ರತಿಚಿತ್ರಗಳನ್ನು ‘ಮಿರಾಡೋರ್’ ಎಂಬ ಉಚಿತ ವೀಕ್ಷಕದಲ್ಲಿ ಅಕ್ಕಪಕ್ಕದಲ್ಲಿರಿಸಿ ಹೋಲಿಸಬಹುದು. ಪಾಠಾಂತರಗಳನ್ನು ಸಂಗ್ರಹಿಸುವ ಸಂಪಾದಕನಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಕಡತ ತೆರೆಯಿತೆಂದ ಮಾತ್ರಕ್ಕೆ ಓದು ಸಿದ್ಧಿಸುವುದಿಲ್ಲ. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆತಿದ್ದರೂ, ಅದು ವಾಡಿಕೆಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ಬೆರಳಚ್ಚಾದ ಕನ್ನಡ ಬರಹಗಳಲ್ಲಿ ಬಹುಪಾಲು ರೋಮನ್ ಸಂಕೇತಗಳ ಮೇಲೆ ಕನ್ನಡದ ಆಕೃತಿಗಳನ್ನು ಹೊದಿಸಿದ ಅಕ್ಷರಶೈಲಿಗಳಲ್ಲಿವೆ. ಆ ಶೈಲಿ ಗಣಕದಲ್ಲಿ ಇಲ್ಲದಿದ್ದರೆ ಓದುಗನಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಸಾಧನವು ‘ಇದು ವರ್ಡ್ ದಾಖಲೆ’ ಎಂದು ಸರಿಯಾಗಿಯೇ ಹೇಳುತ್ತದೆ. ಒಳಗಿರುವುದು ಕನ್ನಡವೆಂಬುದು ಅದರ ಅರಿವಿಗೆ ಬಾರದು. ಮೂಡಬಿದಿರೆಯಲ್ಲಿ ರಕ್ಷಿತವಾದ ಧವಲಾ ಟೀಕೆಯ ಓಲೆಗಳ ಲಿಪಿ ಹಳಗನ್ನಡ, ಭಾಷೆ ಸಂಸ್ಕೃತಮಿಶ್ರಿತ ಪ್ರಾಕೃತ. ಅಲ್ಲಿ ಓಲೆ, ಲಿಪಿ, ಭಾಷೆ ಎಂಬ ಮೂರು ನಿರ್ಣಯಗಳು ಹೇಗೆ ಬೇರೆಬೇರೆಯೋ, ಇಲ್ಲಿಯೂ ಕಡತದ ಪ್ರಕಾರ, ಅಕ್ಷರಸಂಕೇತ, ಭಾಷೆ ಎಂಬ ಮೂರು ನಿರ್ಣಯಗಳು ಬೇರೆಬೇರೆ. ಉಚಿತ ಸಾಧನಗಳು ಮುಖ್ಯವಾಗಿ ಮೊದಲನೆಯದನ್ನು ನೆರವೇರಿಸುತ್ತವೆ.

ಓಲೆಯಿಂದ ಪಾಠವನ್ನು ಬೆರಳಚ್ಚಿಗೆ ಇಳಿಸಿದ ಮೇಲೆ ಮೂಲದ ಗರಿಗಳು ಹುಳು ತಿಂದು ಶಿಥಿಲವಾದರೆ, ಆ ಪಾಠಕ್ಕೆ ಕಡತವೊಂದೇ ಸಾಕ್ಷಿಯಾಗಿ ಉಳಿಯುತ್ತದೆ. ಆದುದರಿಂದ ಕಡತದೊಡನೆ ಅದನ್ನು ಬರೆದ ತಂತ್ರಾಂಶ, ಅಕ್ಷರಶೈಲಿ, ಕಾಲ, ಬೆರಳಚ್ಚುಗಾರನ ಹೆಸರು ಇವುಗಳನ್ನು ದಾಖಲಿಸುವುದು ಅಗತ್ಯ. ಪ್ರತಿಯ ಕೊನೆಯಲ್ಲಿ ಕಾಲವನ್ನೂ ತನ್ನ ಹೆಸರನ್ನೂ ಬರೆದು, ಸ್ಖಾಲಿತ್ಯಗಳಿದ್ದರೆ ತಿದ್ದಿಕೊಳ್ಳಬೇಕೆಂದು ಬಲ್ಲವರನ್ನು ಬೇಡಿಕೊಳ್ಳುತ್ತಿದ್ದ ಲಿಪಿಕಾರನು ಈ ಕರ್ತವ್ಯವನ್ನು ಅರಿತಿದ್ದನು. ಗಣಕ ಕಡತಗಳಿಗೂ ಅಂಥ ಪುಷ್ಪಿಕೆಯನ್ನು ಬರೆದಿಡುವುದು ಇಂದಿನ ಸೂಚಿಕಾರರ ಹೊಣೆ.