ಖದಿರ್ ಬೇಟ್‌ನ ಹೊಂಡಗಳು

ಬೋಡಕ್‌ದೇವ್‌ಗೆ ಬಂದು ಇಪ್ಪತ್ತೆಂಟು ವರ್ಷವಾದರೂ ಕಛ್‌ನ ರಣ ಅಂದರೆ ನನಗೆ ಬಿಳಿ ಉಪ್ಪು, ರಣೋತ್ಸವದ ಡೇರೆ, ಅಷ್ಟೇ. ಡಿಸೆಂಬರಿನಲ್ಲಿ ಮನೆಯವರೆಲ್ಲ ರಾಪರ್ ಮಾರ್ಗವಾಗಿ ಖದಿರ್ ಬೇಟ್‌ಗೆ ಹೋಗಿದ್ದೆವು. ಸುತ್ತಲೂ 1986ರಲ್ಲಿ ಘೋಷಿಸಿದ ಕಛ್ ಮರುಭೂಮಿ ವನ್ಯಧಾಮ, 7,506 ಚದರ ಕಿ.ಮೀ.! ನಡುವೆ ಈ ಬಂಡೆಯ ನಡುಗಡ್ಡೆ. ಉತ್ತರದ ಅಂಚಿನಲ್ಲಿ ಕೊರಕಲುಗಳು, ಕಡಿದಾದ ಬಂಡೆ, ಕೆಳಗೆ ರಣ. ಅಲ್ಲೇ ಜುರಾಸಿಕ್ ಕಾಲದ, ಕಲ್ಲಾಗಿಹೋದ ಮರದ ದಿಮ್ಮಿಗಳು. ಈ ಬೆಂಗಾಡೂ ಒಮ್ಮೆ ಕಾಡಾಗಿತ್ತಂತೆ ನೋಡಿ.

ಆದರೆ ನಾನು ಹೆಚ್ಚು ಹೊತ್ತು ನಿಂತದ್ದು ಧೋಲಾವೀರಾದಲ್ಲಿ. 1960ರ ದಶಕದಲ್ಲಿ ಜೆ.ಪಿ. ಜೋಶಿ ಗುರುತಿಸಿದ, 1990ರಿಂದ ಆರ್.ಎಸ್. ಬಿಷ್ತ್ ಅಗೆಸಿದ, 2021ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಹರಪ್ಪ ಕಾಲದ ಊರು ಅದು. ಉತ್ತರಕ್ಕೆ ಮನ್ಸರ್, ದಕ್ಷಿಣಕ್ಕೆ ಮನ್ಹರ್. ಎರಡೂ ಮಳೆಗಾಲದಲ್ಲಷ್ಟೇ ಹರಿಯುವ ಹಳ್ಳಗಳು. ಅವಕ್ಕೆ ಒಡ್ಡು ಕಟ್ಟಿ, ನೀರನ್ನು ಊರ ಸುತ್ತಲ ಹೊಂಡಗಳಿಗೆ ತಿರುಗಿಸಿದ್ದಾರೆ. ಪೂರ್ವದ ಹೊಂಡ ಸುಮಾರು 73 ಮೀಟರ್ ಉದ್ದ, ಇಳಿಯಲು ಮೆಟ್ಟಿಲು. ಕೆಲವನ್ನಂತೂ ಬಂಡೆಯಲ್ಲೇ ಕಡಿದದ್ದು.

ಚಿತ್ರದುರ್ಗದ ಕಡೆಯವನು ನಾನು. ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಹರಿಯುವುದನ್ನು ಕೋಟೆಯಲ್ಲಿ ನೋಡಿಯೇ ಬೆಳೆದದ್ದು. ನಮ್ಮ ಬಾವಿ ಬತ್ತಿದ ವರ್ಷ ಅಪ್ಪ ಹೊಲ ಮಾರಿದರು, ನಾನು ರೈಲು ಹತ್ತಿದೆ.

ಒಂದೂವರೆ ಸಾವಿರ ವರ್ಷ ಬಾಳಿದ ಧೋಲಾವೀರಾವನ್ನು ಜನ ಬಿಟ್ಟದ್ದು ಕ್ರಿ.ಪೂ. 1500ರ ಹೊತ್ತಿಗೆ. ಒಣಹವೆ, ಕುಸಿದ ವ್ಯಾಪಾರ ಅಂತ ಕಾರಣ ಕೊಡುತ್ತಾರೆ. ಕೊನೆಗೆ ಉಳಿದವರು ಕಟ್ಟಿಕೊಂಡದ್ದು ದುಂಡನೆಯ ಗುಡಿಸಲು, ಇಂದಿನ ಕಛ್‌ನ ಭುಂಗಾದಂಥದ್ದೇ.

"ಇವರೆಲ್ಲ ಎಲ್ಲಿಗೆ ಹೋದರು ಅಪ್ಪಾ?" ಅಂದಳು ಮಗಳು. ನಾನು ಮೆಟ್ಟಿಲು ಎಣಿಸುತ್ತಿದ್ದೆ.